ಅರಬ್ಬಿ ಸಣ್ಣಕಥೆಯ ರೈತ ಯಾವ ಮಾತು ಆಡಬೇಕು? ಅನುವಾದಕ್ಕೆ ಕೂತವನ ಪ್ರಶ್ನೆ

ಹಾವೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ಕಥೆ ಹಿಡಿದುಕೊಂಡು ಒದ್ದಾಡುತ್ತಿದ್ದೇನೆ. ಈಜಿಪ್ಟಿನ ಯೂಸುಫ್ ಇದ್ರೀಸ್ ಬರೆದ 'ಅರ್ಖಸ್ ಲಯಾಲಿ', ಅಂದರೆ 'ಅತಿ ಅಗ್ಗದ ರಾತ್ರಿಗಳು'. 1954ರಲ್ಲಿ ಬಂದ ಅವರ ಮೊದಲ ಸಂಕಲನಕ್ಕೂ ಇದೇ ಹೆಸರು. ನನಗೆ ಅರಬ್ಬಿ ಬರಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ.

ಕಥೆ ಇಷ್ಟೇ. ಅಬ್ದುಲ್ ಕರೀಮ್ ಅಂತ ಒಬ್ಬ ಬಡ ರೈತ. ರಾತ್ರಿ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಬರುತ್ತಾನೆ. ಓಣಿ ತುಂಬ ಮಕ್ಕಳು, ಕಾಲಿಗೆ ತೊಡರುತ್ತವೆ. ಅವನ್ನೂ ಅವನ್ನು ಹೆತ್ತವರನ್ನೂ ಸೇರಿಸಿ ಬೈಯುತ್ತಾನೆ. ಊರ ಕಾವಲುಗಾರ ಕುಡಿಸಿದ ಕಡಕ್ ಚಹಾದಿಂದ ನಿದ್ದೆ ಹಾರಿಹೋಗಿದೆ. ಎಲ್ಲಾದರೂ ಕೂತು ಹೊತ್ತು ಕಳೆಯೋಣ ಅಂದರೆ ಜೇಬಿನಲ್ಲಿ ಕಾಸಿಲ್ಲ. ಸುತ್ತಿ ಸುತ್ತಿ ಕೊನೆಗೆ ಮನೆಗೇ ಹೋಗುತ್ತಾನೆ. ಕತ್ತಲಲ್ಲಿ ಮಲಗಿದ ಆರು ಮಕ್ಕಳನ್ನು ದಾಟಿಕೊಂಡು ಹೆಂಡತಿಯನ್ನು ಎಬ್ಬಿಸುತ್ತಾನೆ. ಕೆಲವು ತಿಂಗಳ ಮೇಲೆ ಮನೆಯಲ್ಲಿ ಮತ್ತೊಂದು ಹೆರಿಗೆ. ಈ ಮಕ್ಕಳೆಲ್ಲ ಯಾವ ತೂತಿನಿಂದ ಹೀಗೆ ಉದುರುತ್ತವೆ ಅಂತ ಅವನಿಗೆ ಇನ್ನೂ ಅರ್ಥವಾಗಿಲ್ಲ.

ನನ್ನ ಪ್ರಶ್ನೆ ಎರಡು. ಒಂದು, ಇಂಥ ಕಥೆ ಅರಬ್ಬಿಯಲ್ಲಿ ಎಲ್ಲಿಂದ ಬಂತು? ನಾನು ಸಾವಿರದ ಒಂದು ರಾತ್ರಿಗಳೇ ಅವರ ಕಥಾ ಪರಂಪರೆ ಅಂದುಕೊಂಡಿದ್ದೆ. ಎರಡು, ಅಬ್ದುಲ್ ಕರೀಮ್ ಕನ್ನಡದಲ್ಲಿ ಹೇಗೆ ಮಾತಾಡಬೇಕು? ಪುಸ್ತಕದ ಕನ್ನಡ ಹಾಕಿದರೆ ಬೈಗುಳ ಸಪ್ಪೆ ಆಗುತ್ತದೆ. ನಮ್ಮ ಹಾವೇರಿ ಮಾತು ಹಾಕಿದರೆ ಅವನು ಈಜಿಪ್ಟ್ ಬಿಟ್ಟು ಬ್ಯಾಡಗಿ ಸಂತೆಗೆ ಬಂದು ನಿಲ್ಲುತ್ತಾನೆ.

ಮೇಷ್ಟ್ರು_ಸಾಗರ

ಒಳ್ಳೆ ಪ್ರಶ್ನೆ ತಮ್ಮಾ. ನಿನ್ನ ಎರಡು ಪ್ರಶ್ನೆಗಳೂ ನಿಜಕ್ಕೂ ಒಂದೇ. ಕಥೆಯೊಳಗಿನ ಜನ ಯಾವ ಮಾತು ಆಡಬೇಕು ಅನ್ನುವ ಜಗಳದೊಳಗೇ ಅರಬ್ಬಿ ಸಣ್ಣಕಥೆ ಬೆಳೆದಿದೆ.

ಮೊದಲು ಸಾವಿರದ ಒಂದು ರಾತ್ರಿಗಳ ವಿಷಯ. ಅದನ್ನು ಅರಬ್ಬಿ ಪಂಡಿತರು ಬಹಳ ಕಾಲ ಸಾಹಿತ್ಯ ಅಂತ ಲೆಕ್ಕಕ್ಕೇ ಹಿಡಿಯಲಿಲ್ಲ. ಅದು ಕಾಫಿ ಅಂಗಡಿಯಲ್ಲಿ ಕಥೆ ಹೇಳುವವರ ಸರಕು. ಪಂಡಿತರಿಗೆ ಹಿಡಿಸಿದ್ದು 'ಮಕಾಮಾ'. ಪ್ರಾಸಬದ್ಧ ಗದ್ಯದಲ್ಲಿ ಒಬ್ಬ ಚತುರ ಅಲೆಮಾರಿಯ ಪ್ರಸಂಗಗಳು. ಹತ್ತನೇ ಶತಮಾನದಲ್ಲಿ ಅಲ್-ಹಮದಾನಿ ಇದನ್ನು ಬೆಳಗಿಸಿದ. ಆಮೇಲೆ ಅಲ್-ಹರೀರಿ ಅದನ್ನು ಪದಗಳ ಕಸರತ್ತಿನ ತುದಿಗೆ ಒಯ್ದ. ಅಲ್ಲಿ ಮಾತಿನ ಮೆರುಗು ಮುಖ್ಯ. ಮನುಷ್ಯನ ಒಳಗು ಅಷ್ಟಾಗಿ ಇಲ್ಲ.

ಸಣ್ಣಕಥೆ ಹುಟ್ಟಿದ್ದು ಪತ್ರಿಕೆಯಿಂದ. ಪತ್ರಿಕೆಗೆ ಒಂದೆರಡು ಪುಟದಲ್ಲಿ ಮುಗಿಯುವ ಬರಹ ಬೇಕಿತ್ತು, ಓದುಗನಿಗೆ ಬೇಗ ಅರ್ಥವಾಗುವ ಭಾಷೆ ಬೇಕಿತ್ತು. 1881ರಲ್ಲಿ ಅಬ್ದುಲ್ಲಾ ನದೀಮ್ ಅನ್ನುವವರು 'ಅಲ್-ತನ್ಕೀತ್ ವಲ್-ತಬ್ಕೀತ್' ಅನ್ನುವ ಪತ್ರಿಕೆ ಶುರು ಮಾಡಿದರು. ಅದರಲ್ಲಿ ಒಂದು ಪ್ರಸಂಗ ಇದೆ. ರೈತನ ಮಗ ಯುರೋಪಿನಲ್ಲಿ ಓದಿ ಊರಿಗೆ ಬರುತ್ತಾನೆ. ಅಪ್ಪ ತಬ್ಬಿಕೊಳ್ಳಲು ಬಂದರೆ ಹಿಂದೆ ಸರಿಯುತ್ತಾನೆ. ಅಮ್ಮ ಮಾಡಿದ ಅಡುಗೆಯಲ್ಲಿ ಈರುಳ್ಳಿ ಜಾಸ್ತಿ ಆಗಿದೆ ಅನ್ನಬೇಕು, ಆದರೆ ಈರುಳ್ಳಿಗೆ ತನ್ನ ಭಾಷೆಯಲ್ಲಿ ಏನನ್ನುತ್ತಾರೆ ಅನ್ನುವುದೇ ಅವನಿಗೆ ಮರೆತುಹೋಗಿದೆ. ಅದೇ, ಕಣ್ಣಲ್ಲಿ ನೀರು ಬರಿಸುತ್ತದಲ್ಲ ಅಂತ ಸುತ್ತಿ ಬಳಸಿ ಹೇಳುತ್ತಾನೆ. ಅಮ್ಮನೇ ಹೆಸರು ಹೇಳಬೇಕಾಗುತ್ತದೆ. ಇದನ್ನು ನದೀಮ್ ಬರೆದದ್ದು ಜನರ ಆಡುಮಾತಿನಲ್ಲಿ. ಪೂರ್ತಿ ಕಥೆ ಅನ್ನಲಾಗದು, ಆದರೆ ಬೀಜ ಅಲ್ಲಿದೆ.

ಮಸ್ಕತ್_ಭಟ್ಕಳ

ಮೇಷ್ಟ್ರೇ, ಅರಬ್ಬಿ ಬಾರದವರಿಗೆ ಒಂದು ವಿಷಯ ಬಿಡಿಸಿ ಹೇಳಿದರೆ ಅನುಕೂಲ. ನಾನು 14 ವರ್ಷದಿಂದ ಮಸ್ಕತ್‌ನಲ್ಲಿದ್ದೇನೆ. ಬರೆಯುವ ಅರಬ್ಬಿಗೆ 'ಫುಸ್ಹಾ' ಅನ್ನುತ್ತಾರೆ. ಮನೆಯಲ್ಲಿ, ಮಾರ್ಕೆಟ್ಟಿನಲ್ಲಿ ಆಡುವುದು 'ಆಮ್ಮಿಯಾ'. ಇವೆರಡರ ನಡುವೆ ನಮ್ಮ ಗ್ರಾಂಥಿಕ ಕನ್ನಡಕ್ಕೂ ಆಡುಗನ್ನಡಕ್ಕೂ ಇರುವುದಕ್ಕಿಂತ ಎಷ್ಟೋ ದೊಡ್ಡ ಅಂತರ ಇದೆ. ಫುಸ್ಹಾ ಯಾರ ಮನೆಮಾತೂ ಅಲ್ಲ. ಎಲ್ಲರೂ ಶಾಲೆಯಲ್ಲಿ ಕಲಿತದ್ದು.

'ಈಗ' ಅನ್ನುವ ಒಂದು ಪದ ತಗೊಳ್ಳಿ. ಪುಸ್ತಕದಲ್ಲಿ 'ಅಲ್-ಆನ್'. ಕೈರೋದಲ್ಲಿ 'ದಿಲ್ವಕ್ತಿ'. ಬೈರೂತಿನಲ್ಲಿ 'ಹಲ್ಲಾ'. ಮೊರಾಕ್ಕೋದಲ್ಲಿ 'ದಾಬಾ'. ಇಲ್ಲಿ ಕೊಲ್ಲಿ ಕಡೆ 'ಅಲ್ಹೀನ್'. ಕಥೆಯಲ್ಲಿ ಒಬ್ಬ ತಾಯಿ ಮಗನಿಗೆ "ಈಗಲೇ ಬಾ" ಅನ್ನಬೇಕು. ಯಾವ 'ಈಗ' ಬರೆಯೋದು? ಪುಸ್ತಕದ್ದು ಬರೆದರೆ ಎಲ್ಲ ದೇಶದವರಿಗೂ ಅರ್ಥವಾಗುತ್ತದೆ, ಆದರೆ ಯಾವ ತಾಯಿಯೂ ಹಾಗೆ ಅನ್ನಲ್ಲ. ಆಡುಮಾತು ಬರೆದರೆ ತಾಯಿ ಜೀವಂತ ಆಗುತ್ತಾಳೆ, ಆದರೆ ದೂರದ ದೇಶದ ಓದುಗ ಹೊರಗೆ ಉಳಿಯುತ್ತಾನೆ.

ಮೇಷ್ಟ್ರು_ಸಾಗರ

ಸರಿಯಾಗಿ ಹೇಳಿದಿರಿ. ಈಗ ಮೂರು ಕಥೆಗಳನ್ನು ಪಕ್ಕಪಕ್ಕ ಇಡುತ್ತೇನೆ, ನೋಡಿ. ಇದು ನನಗೆ ತುಂಬ ಹಿಡಿಸಿದ ವಿಷಯ, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಮೊದಲನೆಯದು 1917. ಮುಹಮ್ಮದ್ ತೈಮೂರ್ ಬರೆದ 'ಫಿಲ್-ಕಿತಾರ್', ಅಂದರೆ 'ರೈಲಿನಲ್ಲಿ'. 'ಅಲ್-ಸುಫೂರ್' ಪತ್ರಿಕೆಯಲ್ಲಿ ಬಂತು. ಅರಬ್ಬಿಯ ಮೊದಲ ಸಣ್ಣಕಥೆ ಅಂತ ಬಹಳ ಜನ ಇದನ್ನೇ ಹೆಸರಿಸುತ್ತಾರೆ. ಅದಕ್ಕೂ ಮುಂಚೆ, 1914-15ರಲ್ಲೇ, ಲೆಬನಾನಿನ ಮಿಖಾಯಿಲ್ ನುಐಮಾ ಒಳ್ಳೆಯ ಕಥೆ ಬರೆದಿದ್ದರು ಅನ್ನುವ ವಾದವೂ ಇದೆ. ನುಐಮಾ ರಷ್ಯನ್ನರ ಶಾಲೆಯಲ್ಲಿ ಕಲಿತು, ಪೊಲ್ತಾವಾದಲ್ಲಿ ಓದಿ, ಅಮೆರಿಕಕ್ಕೆ ಹೋದವರು. ರಷ್ಯನ್ ಸಾಹಿತ್ಯವನ್ನು ಮೂಲದಲ್ಲೇ ಓದಿದ್ದರು. ಯಾರು ಮೊದಲು ಅನ್ನುವ ಜಗಳ ನನಗೆ ಅಷ್ಟು ಮುಖ್ಯ ಅಲ್ಲ.

ತೈಮೂರರ ಕಥೆಯಲ್ಲಿ ಒಂದು ರೈಲು ಡಬ್ಬಿ. ಒಳಗೆ ಒಬ್ಬ ಶೇಖ್, ಒಬ್ಬ ವಿದ್ಯಾರ್ಥಿ, ಒಬ್ಬ ನೌಕರ, ಆಗಿನ ಆಳುವ ವರ್ಗಕ್ಕೆ ಸೇರಿದ ಒಬ್ಬ ಸರ್ಕೇಶಿಯನ್ ಯಜಮಾನ, ಒಬ್ಬ ಊರಗೌಡ. ಇವರ ಜೊತೆ ಕಥೆ ಹೇಳುವವನು. ಪತ್ರಿಕೆಯಲ್ಲಿ ರೈತರಿಗೆ ಅಕ್ಷರ ಕಲಿಸುವ ಸುದ್ದಿ ಬಂದಿದೆ. ರೈತನಿಗೆ ಚಾಟಿಯೇ ಮದ್ದು, ಚಾಟಿಗೆ ಸರ್ಕಾರಕ್ಕೆ ಖರ್ಚೂ ಇಲ್ಲ ಅನ್ನುತ್ತಾನೆ ಯಜಮಾನ. ಊರಗೌಡ ಹೌದು ಅನ್ನುತ್ತಾನೆ. ಶೇಖ್ ಕೂಡ ಅವರ ಕಡೆಗೇ. ರೈತನೂ ನಮ್ಮ ಹಾಗೆ ಮನುಷ್ಯ ಅಂತ ವಿದ್ಯಾರ್ಥಿ ಎದುರು ನಿಲ್ಲುತ್ತಾನೆ. ಈಗ ಗಮನಿಸಿ, ಇಡೀ ಡಬ್ಬಿಯಲ್ಲಿ ಒಬ್ಬ ರೈತನೂ ಇಲ್ಲ. ಎಲ್ಲರೂ ಅವನ ಬಗ್ಗೆ ಮಾತಾಡುತ್ತಾರೆ. ಅವನು ಕಿಟಕಿಯ ಆಚೆ ಹೊಲದಲ್ಲೆಲ್ಲೋ ಇದ್ದಾನೆ.

ಎರಡನೆಯದು 1929. ಮಹಮೂದ್ ತಾಹಿರ್ ಲಾಶೀನ್ ಬರೆದ 'ಹದೀಸ್ ಅಲ್-ಕರಿಯಾ', ಹಳ್ಳಿಯ ಮಾತುಕತೆ. ಲಾಶೀನ್ ಮತ್ತು ಗೆಳೆಯರು 'ಹೊಸ ಪಂಥ' ಅಂತ ಗುಂಪು ಕಟ್ಟಿ 1925ರಿಂದ 1927ರವರೆಗೆ 'ಅಲ್-ಫಜ್ರ್' ಪತ್ರಿಕೆ ನಡೆಸಿದ್ದರು. ಈ ಕಥೆಯಲ್ಲಿ ಪಟ್ಟಣದವನು ಗೆಳೆಯನ ಜೊತೆ ಹಳ್ಳಿಗೆ ಹೋಗುತ್ತಾನೆ. ಸಂಜೆ ರೈತರು ಸುತ್ತ ಕೂರುತ್ತಾರೆ. ಇವನು ಮನುಷ್ಯನ ಇಚ್ಛಾಶಕ್ತಿಯ ಬಗ್ಗೆ ಭಾಷಣ ಮಾಡುತ್ತಾನೆ. ಯಾರ ಮನಸ್ಸಿಗೂ ನಾಟುವುದಿಲ್ಲ. ಆಗ ಊರ ಶೇಖ್ ಒಂದು ನಡೆದ ಕಥೆ ಹೇಳುತ್ತಾನೆ: ಸಾಹೇಬನ ನೆರಳಿಗೆ ಹೋದ ಒಬ್ಬ ರೈತನ ಮನೆ ಹೇಗೆ ಹಾಳಾಯಿತು ಅಂತ. ಎಲ್ಲರೂ ಉಸಿರು ಬಿಗಿಹಿಡಿದು ಕೇಳುತ್ತಾರೆ. ಇಲ್ಲಿ ರೈತ ಕಥೆಯೊಳಗೆ ಬಂದ. ಆದರೆ ಕಥೆ ಹೇಳುತ್ತಿರುವವನು ಇನ್ನೂ ಬೇರೆಯವನೇ.

ಮೂರನೆಯದು ನಿನ್ನ ಕೈಯಲ್ಲಿರುವ 1954ರ ಕಥೆ. ಇಲ್ಲಿ ಪಟ್ಟಣದವನು ಇಲ್ಲವೇ ಇಲ್ಲ. ಅಬ್ದುಲ್ ಕರೀಮನ ತಲೆಯೊಳಗೇ ನಾವು ಇದ್ದೇವೆ. ಅವನ ಬೈಗುಳದಿಂದಲೇ ಕಥೆ ಶುರು.

ಹಾವೇರಿ_ಹುಡುಗ

ಮೇಷ್ಟ್ರೇ, ಇದನ್ನು ಓದಿ ಎದ್ದು ಒಂದು ಸುತ್ತು ಹಾಕಿ ಬಂದೆ. ನಾನು ಆ ಬೈಗುಳವನ್ನು ಮೆತ್ತಗೆ ಮಾಡಿಟ್ಟಿದ್ದೆ. 'ಅವನಿಗೆ ಮಕ್ಕಳ ಮೇಲೆ ಕೋಪ ಬಂತು' ಅಂತ ಬರೆದಿದ್ದೆ. ಈಗ ಅದನ್ನು ಹೊಡೆದು ಹಾಕಿದ್ದೇನೆ.

ಓದುಗೆ_ಶಿರಸಿ

ಒಂದು ಸಣ್ಣ ಅನುಮಾನ. ಮುಹಮ್ಮದ್ ತೈಮೂರ್ ಮತ್ತು ಮಹಮೂದ್ ತೈಮೂರ್ ಒಬ್ಬರೇನಾ? ನನ್ನ ಹತ್ತಿರ ಇರುವ ಒಂದು ಹಳೇ ಸಂಕಲನದಲ್ಲಿ ಮಹಮೂದ್ ಅಂತಿದೆ.

ಮೇಷ್ಟ್ರು_ಸಾಗರ

ಅಣ್ಣ ತಮ್ಮ, ತಂಗೀ. ಮುಹಮ್ಮದ್ ಅಣ್ಣ, 1921ರಲ್ಲಿ 30 ತುಂಬುವ ಮುಂಚೆಯೇ ತೀರಿಕೊಂಡರು. ತಮ್ಮ ಮಹಮೂದ್ ಆ ಕೆಲಸ ಕೈಗೆತ್ತಿಕೊಂಡು 1973ರವರೆಗೆ ಬದುಕಿ ರಾಶಿ ರಾಶಿ ಬರೆದರು. ಅಪ್ಪ ದೊಡ್ಡ ವಿದ್ವಾಂಸರು, ಸೋದರತ್ತೆ ಆಯಿಶಾ ತೈಮೂರ್ ಕವಿ.

ಮಹಮೂದರ ವಿಷಯ ನಮ್ಮ ಹುಡುಗನಿಗೆ ಬೇಕಾದದ್ದು. 1925ರ ಸುಮಾರಿಗೆ ಅವರು ಪಾತ್ರಗಳ ಬಾಯಲ್ಲಿ ಆಡುಮಾತು ಹಾಕಿದ್ದರು. ಬರುಬರುತ್ತಾ ಮನಸ್ಸು ಬದಲಾಯಿತು. ಹಳೆಯ ಕಥೆಗಳನ್ನು ಮತ್ತೆ ತೆಗೆದು, ಮಾತುಗಳನ್ನು ಫುಸ್ಹಾಕ್ಕೆ ತಿದ್ದಿ ಬರೆದರು. ಆಮೇಲೆ ಕೈರೋದ ಭಾಷಾ ಅಕಾಡೆಮಿಯ ಸದಸ್ಯರೂ ಆದರು. ನನಗೆ ಇದು ನಷ್ಟ ಅನ್ನಿಸುತ್ತದೆ. ತಾನೇ ಕೇಳಿಸಿಕೊಂಡು ಬರೆದ ಮಾತನ್ನು ತಾನೇ ಇಸ್ತ್ರಿ ಮಾಡಿದ ಹಾಗೆ.

ಮಸ್ಕತ್_ಭಟ್ಕಳ

ಮೇಷ್ಟ್ರೇ, ಇಲ್ಲಿ ನಾನು ಒಪ್ಪಲ್ಲ. ಕ್ಷಮಿಸಿ. ಫುಸ್ಹಾ ಆರಿಸಿಕೊಂಡವರೆಲ್ಲ ಜನರಿಂದ ದೂರ ಹೋದರು ಅನ್ನೋಕಾಗಲ್ಲ. ನಜೀಬ್ ಮಹಫೂಜ್ ಕೊನೆವರೆಗೂ ಪಾತ್ರಗಳ ಮಾತನ್ನು ಫುಸ್ಹಾದಲ್ಲೇ ಬರೆದರು. ಆದರೂ ಕೈರೋ ಗಲ್ಲಿಯ ಜನರೇ ಅವರಲ್ಲಿ ಮಾತಾಡುತ್ತಾರೆ. 1988ರ ನೊಬೆಲ್ ಬಂದದ್ದು ಅದೇ ಭಾಷೆಗೆ.

ಇನ್ನೊಂದು ವಿಷಯ. ಈಜಿಪ್ಟಿನ ಹಳ್ಳಿ ಬಿಟ್ಟು ಹೊರಗೆ ಬಂದರೆ ಲೆಕ್ಕ ಬೇರೆ. ಘಸ್ಸಾನ್ ಕನಫಾನಿ ನೋಡಿ. 1936ರಲ್ಲಿ ಪ್ಯಾಲೆಸ್ಟೈನಿನ ಅಕ್ಕಾ ಊರಲ್ಲಿ ಹುಟ್ಟಿ, 1948ರಲ್ಲಿ ಮನೆ ಬಿಟ್ಟು, ಡಮಾಸ್ಕಸ್, ಕುವೈತ್, ಬೈರೂತ್ ಅಂತ ಅಲೆದವರು. 1972ರಲ್ಲಿ ಬೈರೂತಿನಲ್ಲಿ ಕಾರ್ ಬಾಂಬಿಗೆ ಬಲಿಯಾದರು, ಜೊತೆಗೆ ಸೋದರ ಸಂಬಂಧದ ಹುಡುಗಿ ಲಮೀಸ್ ಕೂಡ. ಅವರ 'ದುಃಖದ ಕಿತ್ತಳೆಗಳ ನಾಡು' ಓದಿ. ಮನೆಮಂದಿಯೆಲ್ಲ ಲಾರಿ ಹತ್ತಿ ಲೆಬನಾನಿನ ಗಡಿ ಕಡೆ ಹೊರಟಿದ್ದಾರೆ. ದಾರಿಯಲ್ಲಿ ಕಿತ್ತಳೆ ಮಾರುವವನು ಸಿಗುತ್ತಾನೆ. ಹೆಂಗಸರು ಇಳಿದು ಹಣ್ಣು ತರುತ್ತಾರೆ. ಅಪ್ಪ ಒಂದು ಹಣ್ಣು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತಾನೆ. ಆಮೇಲೆ ಮಗುವಿನ ಹಾಗೆ ಅಳುತ್ತಾನೆ. ಕಥೆಯ ಕೊನೆಗೆ ಮನೆಯೊಳಗೆ ಒಂದು ಪಿಸ್ತೂಲು, ಅದರ ಪಕ್ಕ ಒಂದು ಕಿತ್ತಳೆ. ಒಣಗಿ ಸುಕ್ಕುಗಟ್ಟಿದೆ.

ಊರೇ ಕಳೆದುಕೊಂಡು ನಾಲ್ಕು ದೇಶಕ್ಕೆ ಚದುರಿದ ಜನಕ್ಕೆ ಕಥೆ ಬರೆಯುವವನು ಎಲ್ಲರಿಗೂ ತಲುಪುವ ಭಾಷೆ ಹುಡುಕುತ್ತಾನೆ. ಫುಸ್ಹಾ ಅವರಿಗೆ ಉಳಿದಿದ್ದ ಒಂದೇ ಜಗುಲಿ. ಎಲ್ಲರೂ ಅಲ್ಲಿ ಕೂರಬಹುದಿತ್ತು.

ಮೇಷ್ಟ್ರು_ಸಾಗರ

ನಿಮ್ಮ ಮಾತು ಒಪ್ಪಿದೆ. ಕನಫಾನಿಯ ಬಗ್ಗೆ ನಾನು ಹಾಗೆ ಯೋಚಿಸಿರಲಿಲ್ಲ. ಆದರೂ ಇದ್ರೀಸರ ಪಕ್ಷ ಬಿಡಲಾರೆ. ಅವರ ಎರಡನೇ ಸಂಕಲನಕ್ಕೆ 1956ರಲ್ಲಿ ಮುನ್ನುಡಿ ಬರೆದವರು ತಾಹಾ ಹುಸೇನ್, ಆ ಕಾಲದ ಅತಿ ದೊಡ್ಡ ಹೆಸರು. ಪ್ರತಿಭೆಯನ್ನು ಬಾಯ್ತುಂಬ ಹೊಗಳಿದರು. ಆದರೆ ಆಡುಮಾತು ಬಿಟ್ಟು ಫುಸ್ಹಾಕ್ಕೆ ನ್ಯಾಯ ಮಾಡು ಅಂತ ಬುದ್ಧಿಯನ್ನೂ ಹೇಳಿದರು. ಇದ್ರೀಸ್ ಕೇಳಲಿಲ್ಲ. ಅವರು ಡಾಕ್ಟರು, ದಿನಾ ರೋಗಿಗಳ ಬಾಯಿಂದ ನೋವಿನ ವಿವರ ಕೇಳಿದವರು. ಎಲ್ಲಿ ನೋವು, ಹೇಗೆ ನೋವು ಅಂತ ರೋಗಿ ಹೇಳುವಾಗ ಅವನ ಪದಗಳನ್ನು ತಿದ್ದಲು ಬರುತ್ತದಾ? ಅವರ ಕಥೆಗಳಲ್ಲಿ ಆ ಕಿವಿ ಇದೆ ಅಂತ ನನ್ನ ನಂಬಿಕೆ.

ಓದುಗೆ_ಶಿರಸಿ

ಇಲ್ಲಿವರೆಗೆ ಬರೀ ಗಂಡಸರ ಹೆಸರೇ ಬಂತು. ಅಬ್ದುಲ್ ಕರೀಮನ ಹೆಂಡತಿಯ ಕಡೆಯಿಂದ ಯಾರಾದರೂ ಬರೆದರಾ? ನಿದ್ದೆಯಲ್ಲಿದ್ದವಳನ್ನು ಎಬ್ಬಿಸಿದ್ದು ಅವನು, ಏಳನೇ ಹೆರಿಗೆ ಅವಳದು. ಕಥೆಯಲ್ಲಿ ಅವಳ ಮಾತೇ ಇಲ್ಲ.

ಮಸ್ಕತ್_ಭಟ್ಕಳ

ಅಕ್ಕಾ, ಬರೆದಿದ್ದಾರೆ. ಬರೆದದ್ದಕ್ಕೆ ಬೆಲೆಯನ್ನೂ ತೆತ್ತಿದ್ದಾರೆ. ಈಜಿಪ್ಟಿನ ಅಲೀಫಾ ರಿಫಾಅತ್ ಅವರನ್ನು ಓದಿ. ಅದು ಕಾವ್ಯನಾಮ. ಬರೆಯಬಾರದು ಅಂತ ಗಂಡ ತಡೆದಿದ್ದರಿಂದ ವರ್ಷಗಟ್ಟಲೆ ಏನೂ ಪ್ರಕಟಿಸಲಿಲ್ಲ. ಅವರ 'ದೂರದ ಮಿನಾರು' ಕಥೆಯಲ್ಲಿ ಹೆಂಡತಿಯೇ ಕಣ್ಣು. ಗಂಡನ ಜೊತೆ ಮಲಗಿದ್ದಾಗಲೂ ಅವಳ ಗಮನ ಸೂರಿನಲ್ಲಿ ಕಾಣುವ ಜೇಡರಬಲೆಯ ಮೇಲಿದೆ. ಅಬ್ದುಲ್ ಕರೀಮನ ಹೆಂಡತಿ ಬಾಯಿ ಬಿಟ್ಟಿದ್ದರೆ ಹೀಗೇ ಇರುತ್ತಿತ್ತೇನೋ.

ಬೈರೂತಿನ ಲೈಲಾ ಬಅಲಬಕ್ಕಿ ಮೇಲೆ 1964ರಲ್ಲಿ ಅಶ್ಲೀಲತೆಯ ಕೇಸು ಹಾಕಿದರು. ಒಂದು ಕಥೆಯ ಕೆಲವು ಸಾಲುಗಳಿಗಾಗಿ. ಕೋರ್ಟಿನಲ್ಲಿ ಬಿಡುಗಡೆ ಆಯಿತು.

ಆದರೆ ನನಗೆ ಎಲ್ಲರಿಗಿಂತ ಹತ್ತಿರದವರು ಸಮೀರಾ ಅಜ್ಜಾಮ್. ಅವರೂ ಅಕ್ಕಾ ಊರಿನವರೇ. 1927ರಲ್ಲಿ ಹುಟ್ಟಿ, 1967ರಲ್ಲಿ, ಅರಬ್ಬರು ಇಸ್ರೇಲಿಗೆ ಸೋತ ಆ ಯುದ್ಧ ಮುಗಿದ ಎರಡು ತಿಂಗಳಿಗೆ, ಪ್ರಯಾಣದ ದಾರಿಯಲ್ಲೇ ಹೃದಯ ನಿಂತು ಹೋದರು. ಅವರದೊಂದು ಕಥೆ, 'ಗಡಿಯಾರ ಮತ್ತು ಮನುಷ್ಯ'. ಒಬ್ಬ ಹುಡುಗನಿಗೆ ಹೊಸದಾಗಿ ರೈಲ್ವೆಯಲ್ಲಿ ಕೆಲಸ ಸಿಕ್ಕಿದೆ. ಬೆಳಗಿನ ಜಾವ ಒಬ್ಬ ಮುದುಕ ಬಂದು ಬಾಗಿಲು ಬಡಿದು ಎಬ್ಬಿಸುತ್ತಾನೆ. ದಿನಾ ಬರುತ್ತಾನೆ. ರೈಲ್ವೆ ನೌಕರರ ಎಲ್ಲ ಮನೆಗೂ ಹೋಗುತ್ತಾನೆ. ಯಾರಪ್ಪಾ ಇವನು ಅಂತ ಕೇಳಿದರೆ ಕಾರಣ ಗೊತ್ತಾಗುತ್ತದೆ. ಅವನ ಮಗ ಒಂದು ದಿನ ತಡವಾಗಿ ಎದ್ದು, ಓಡುವ ರೈಲು ಹಿಡಿಯಲು ಹೋಗಿ, ಕಾಲು ಜಾರಿ ಗಾಲಿಗೆ ಸಿಕ್ಕಿದ್ದ.

ನಾನು ಇಲ್ಲಿ ಬಂದ ಹೊಸದರಲ್ಲಿ ಶಿಫ್ಟ್ ಕೆಲಸ. ಬೆಳಿಗ್ಗೆ 4ಕ್ಕೆ ನಮ್ಮ ರೂಮಿನ ಹಿರಿಯರೊಬ್ಬರು ಎಲ್ಲರ ಮಂಚದ ಕಾಲು ತಟ್ಟಿ ಎಬ್ಬಿಸುತ್ತಿದ್ದರು. ಆ ಕಥೆ ಓದಿದ ದಿನ ಅವರ ನೆನಪಾಗಿ ರಾತ್ರಿ ಫೋನ್ ಮಾಡಿದೆ.

ಓದುಗೆ_ಶಿರಸಿ

ಈ ಕಥೆ ಹುಡುಕಿ ಓದುತ್ತೇನೆ. ತೈಮೂರರ ರೈಲಿನಿಂದ ಈ ರೈಲಿನವರೆಗೆ ಎಷ್ಟು ದೂರ ಬಂದರು, ಅಲ್ವಾ! ಮೊದಲನೆಯದರಲ್ಲಿ ರೈಲಿನ ಒಳಗೆ ಕೂತವರದ್ದೇ ಮಾತು. ಇಲ್ಲಿ ರೈಲು ಹಿಡಿಯಲಾಗದೆ ಸತ್ತವನ ಅಪ್ಪ ಇದ್ದಾನೆ.

ಇನ್ನೊಂದು ವಿಷಯ. ಇತ್ತೀಚಿನ ವರ್ಷಗಳಲ್ಲಿ ಅರಬ್ಬಿ ಅಂದರೆ ಎಲ್ಲರೂ ಕಾದಂಬರಿಯನ್ನೇ ಮಾತಾಡುತ್ತಾರೆ. ಒಮಾನಿನ ಜೋಖಾ ಅಲ್-ಹಾರ್ಥಿ 2019ರಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದದ್ದು ಕಾದಂಬರಿಗೆ. 2025ರಲ್ಲಿ ಅದೇ ಪ್ರಶಸ್ತಿ ನಮ್ಮ ಬಾನು ಮುಷ್ತಾಕ್ ಅವರಿಗೆ ಬಂದಾಗ, ಸಣ್ಣಕಥೆಗಳ ಸಂಕಲನಕ್ಕೆ ಅದು ಬಂದದ್ದು ಅದೇ ಮೊದಲು. ಅರಬ್ಬಿಯಲ್ಲಿ ಈಗ ಕಥೆ ಬರೆಯುವವರ ಗತಿ ಏನು?

ಮಸ್ಕತ್_ಭಟ್ಕಳ

ಹೌದಕ್ಕಾ, ದೊಡ್ಡ ದುಡ್ಡಿನ ಪ್ರಶಸ್ತಿಗಳು ಜಾಸ್ತಿ ಕಾದಂಬರಿಗೇ. ಆದರೂ ಕಥೆಗಾಗಿಯೇ ಕುವೈತಿನಲ್ಲಿ 'ಅಲ್-ಮುಲ್ತಕಾ' ಪ್ರಶಸ್ತಿ ಇದೆ. 2016ರಲ್ಲಿ ಮೊದಲ ಸಲ ಅದನ್ನು ಪಡೆದವರು ಮಾಜಿನ್ ಮಅರೂಫ್. ಇರಾಕಿನ ಹಸನ್ ಬ್ಲಾಸಿಮ್ ಫಿನ್ಲೆಂಡಿನಲ್ಲಿ ಕೂತು ಬಾಗ್ದಾದಿನ ಕಥೆ ಬರೆದು 2014ರಲ್ಲಿ ಬ್ರಿಟನ್ನಿನ ದೊಡ್ಡ ಅನುವಾದ ಪ್ರಶಸ್ತಿ ಪಡೆದರು.

ಸಿರಿಯಾದ ಜಕರಿಯಾ ತಾಮಿರ್ ಅವರನ್ನು ಬಿಡಬೇಡಿ. ಶಾಲೆ ಅರ್ಧಕ್ಕೆ ಬಿಟ್ಟು ಕಮ್ಮಾರಸಾಲೆಯಲ್ಲಿ ಕೆಲಸ ಮಾಡಿದವರು. 'ಹತ್ತನೇ ದಿನದ ಹುಲಿಗಳು' ಅಂತ ಎರಡು ಮೂರು ಪುಟದ ಕಥೆ. ಬೋನಿಗೆ ಬಿದ್ದ ಹುಲಿಗೆ ಹಸಿವಿನಿಂದಲೇ ಪಾಠ ಕಲಿಸುತ್ತಾರೆ. ಬೆಕ್ಕಿನ ಹಾಗೆ ಕೂಗು, ಕತ್ತೆಯ ಹಾಗೆ ಅರಚು, ಚಪ್ಪಾಳೆ ತಟ್ಟು. ಕೊನೆಗೆ ಹುಲ್ಲು ಹಾಕುತ್ತಾರೆ. ಹತ್ತನೇ ದಿನ ಎಲ್ಲರೂ ಮಾಯ. ಹುಲಿ ಪ್ರಜೆ ಆಗಿರುತ್ತದೆ, ಬೋನು ನಗರ ಆಗಿರುತ್ತದೆ. ಸೆನ್ಸಾರ್ ಇರುವ ದೇಶದಲ್ಲಿ ಸಣ್ಣಕಥೆ ಯಾಕೆ ಇಷ್ಟು ಗಟ್ಟಿಯಾಗಿ ನಿಂತಿತು ಅನ್ನುವುದಕ್ಕೆ ಇದೊಂದೇ ಸಾಕು.

ಮತ್ತೆ ಮೊರಾಕ್ಕೋದ ಮುಹಮ್ಮದ್ ಶುಕ್ರಿ. ಮನೆಮಾತು ಅರಬ್ಬಿಯೇ ಅಲ್ಲ, ಬರ್ಬರ್. ಓದು ಬರಹ ಕಲಿತದ್ದು 20ರ ವಯಸ್ಸಿನಲ್ಲಿ. 1966ರಲ್ಲಿ ಬೈರೂತಿನ 'ಅಲ್-ಆದಾಬ್' ಪತ್ರಿಕೆ ಅವರ ಕಥೆ ಹಾಕಿತು. ಅವರ ವಿಷಯದಲ್ಲಿ ಫುಸ್ಹಾವೂ ಪರಭಾಷೆ, ಊರಿನ ಅರಬ್ಬಿಯೂ ಪರಭಾಷೆ.

ಮೇಷ್ಟ್ರು_ಸಾಗರ

ಈಗ ಹುಡುಗನ ಪ್ರಶ್ನೆಗೆ ಬರೋಣ. ನನ್ನ ಸಲಹೆ ಹೀಗಿದೆ. ಸುಡಾನಿನ ತಯ್ಯಿಬ್ ಸಾಲಿಹ್ 'ಜೈನನ ಮದುವೆ'ಯಲ್ಲಿ ಒಂದು ದಾರಿ ಹಿಡಿದರು. ಕಥೆ ಹೇಳುವಾಗ ಫುಸ್ಹಾ, ಜನ ಬಾಯಿ ಬಿಟ್ಟರೆ ಸುಡಾನಿನ ಆಡುಮಾತು. ನೀನೂ ಹಾಗೇ ಮಾಡು. ನಿರೂಪಣೆಗೆ ಎಲ್ಲರ ಕನ್ನಡ ಇರಲಿ. ಬೈಗುಳಕ್ಕೆ, ಗೊಣಗಾಟಕ್ಕೆ ನಿನ್ನ ಊರಿನ ಮಾತು ಬರಲಿ. ಆದರೆ ಊರಿನ ವಸ್ತು ತರಬೇಡ. ರೊಟ್ಟಿ, ಚಟ್ನಿಪುಡಿ, ಗುಡಿ ಕಟ್ಟೆ ಬೇಡ. ಚಹಾ ಇರಲಿ, ಅದು ಇಬ್ಬರಿಗೂ ಸೇರಿದ್ದು.

ಇನ್ನೊಂದು ಕೆಲಸ ಮರೆಯಬೇಡ. ಇದ್ರೀಸ್ ತೀರಿಕೊಂಡದ್ದು 1991ರಲ್ಲಿ. ಹಕ್ಕು ಇನ್ನೂ ಇರುತ್ತದೆ. ಅಚ್ಚಿಗೆ ಕೊಡುವ ಮುಂಚೆ ಅನುಮತಿ ಕೇಳು.

ಮಸ್ಕತ್_ಭಟ್ಕಳ

ನನ್ನ ಜೊತೆ ಕೆಲಸ ಮಾಡುವ ಈಜಿಪ್ಟಿನವರೊಬ್ಬರು ನೈಲ್ ಬಯಲಿನ ಹಳ್ಳಿಯವರು. ನಿನ್ನೆ ಊಟದ ಹೊತ್ತಿಗೆ ಕಥೆಯ ಮೊದಲ ಪುಟ ಗಟ್ಟಿಯಾಗಿ ಓದಿಸಿದೆ. ಓದುತ್ತಾ ಓದುತ್ತಾ ಅವರ ದನಿಯೇ ಬದಲಾಯಿತು. ಆಫೀಸಿನ ಅರಬ್ಬಿ ಹೋಗಿ ಊರಿನದು ಬಂತು. ಹಾವೇರಿ ತಮ್ಮಾ, ನೀನು ಬರೆದದ್ದನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡು. ಇಂಗ್ಲಿಷಿನಲ್ಲಿ ಎಲ್ಲಿ ಅನುಮಾನ ಬಂದರೂ ನನಗೆ ಕಳಿಸು. ಇವರ ಹತ್ತಿರ ಕೇಳಿ ಮೂಲದಲ್ಲಿ ಏನಿದೆ ಅಂತ ಹೇಳುತ್ತೇನೆ.

ಹಾವೇರಿ_ಹುಡುಗ

ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ನಿರೂಪಣೆ ಎಲ್ಲರ ಕನ್ನಡ, ಅವನ ಬಾಯಿ ನಮ್ಮ ಕಡೆಯದು. ಮಕ್ಕಳನ್ನು ಬೈಯುವ ಕಡೆ "ಇವನ್ನ ಹಡದವರ ಮನಿ ಹಾಳಾಗ" ಅಂತ ಬಂದಿದೆ. ಮಸ್ಕತ್ ಅಣ್ಣನಿಗೆ ಒಂಬತ್ತು ಅನುಮಾನ ಕಳಿಸಿದ್ದೆ, ಎಲ್ಲದಕ್ಕೂ ಉತ್ತರ ಬಂತು.

ನಿನ್ನೆ ರಾತ್ರಿ ಅವ್ವನ ಮುಂದೆ ಗಟ್ಟಿಯಾಗಿ ಓದಿದೆ. ಅವ್ವ ಮೆಂತೆಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಬೈಗುಳ ಬಂದಾಗ ನಕ್ಕಳು. ಅವನು ಕತ್ತಲಲ್ಲಿ ಮಕ್ಕಳನ್ನು ದಾಟುವಾಗ ಕೈ ನಿಲ್ಲಿಸಿದಳು. ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದಳು: "ಆಕಿ ಹೆಸರೇನು?"

ಪುಟ ತಿರುವಿ ತಿರುವಿ ನೋಡಿದೆ. ನನ್ನ ಇಂಗ್ಲಿಷ್ ಪ್ರತಿಯಲ್ಲಿ ನನಗೆ ಸಿಗಲಿಲ್ಲ. ಮಸ್ಕತ್ ಅಣ್ಣಾ, ಇದು ಹತ್ತನೇ ಅನುಮಾನ. ಮೂಲದಲ್ಲಿ ಅವನ ಹೆಂಡತಿಗೆ ಹೆಸರು ಇದೆಯಾ?